ಮೂಸಿಯ ನೆರೆಯೂ ದಫ್ತರದ ತೇವವೂ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರದ ಕರೆಯ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು, ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯುವ ಯೋಜನೆಯನ್ನು ರೂಪಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಇಲ್ಲಿ ನೆಲೆಸಿದ ಕನ್ನಡಿಗರಾದ ನಾವು ಈ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಗಾಳಿಯಲ್ಲಿ ಅಡಗಿ ಬರುವ ನೀರು ಯಾವ ಅಣೆಕಟ್ಟಿಗೂ ನಿಲ್ಲುವುದಿಲ್ಲ. ಅದರ ಕಥೆಯನ್ನು ಹೇಳುವವರೂ ಕಡಿಮೆ.

ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಸೀಮೆಯ ಕಂದಾಯ, ಜಾಗೀರು, ಶಾಲೆಗಳ ಚರಿತ್ರೆಯನ್ನು ಬರೆಯಹೊರಟವರು ಉರ್ದು, ಪಾರಸಿ ಕಾಗದಗಳನ್ನು ತಿರುವಿಹಾಕದೆ ಗತ್ಯಂತರವಿಲ್ಲ. ಆ ಕಾಗದಗಳ ಬಾಳಿಕೆ ಈ ಊರಿನ ಹವೆಯನ್ನು ಅವಲಂಬಿಸಿದೆ. ಮೇ ತಿಂಗಳಲ್ಲಿ ಇಲ್ಲಿ ಕಾಗದ ಗರಿಗರಿಯಾಗುತ್ತದೆ. ಆಗಸ್ಟಿನಲ್ಲಿ ತೇವ ಹೀರಿ ಹಿಗ್ಗುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 65ನ್ನು ದಾಟಿ ಬಹುಕಾಲ ನಿಂತರೆ ಬೂಷ್ಟು ಹಿಡಿಯುತ್ತದೆ.

ನಮ್ಮ ಹಿರಿಯರು ಓಲೆಗರಿಗಳನ್ನು ಮರದ ಪಟ್ಟಿಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿ, ಬೇವಿನ ಎಲೆ, ಬಜೆಯ ಬೇರು ಇರಿಸುತ್ತಿದ್ದರು. ಅದು ಹುಳುಗಳನ್ನು ದೂರವಿಡುತ್ತಿತ್ತು, ತೇವವನ್ನು ಹೀರುತ್ತಿರಲಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ 1919ರಲ್ಲಿ ಸಿಲಿಕಾ ಜೆಲ್ ತಯಾರಿಕೆಗೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಔಷಧಿ, ಉಪಕರಣಗಳನ್ನು ಒಣಗಿರಿಸಲು ಅದು ಬಳಕೆಗೆ ಬಂತು. ಅಸಂಖ್ಯ ಸೂಕ್ಷ್ಮ ರಂಧ್ರಗಳ ಒಳಮೈಗೆ ನೀರಾವಿಯನ್ನು ಅಂಟಿಸಿಕೊಳ್ಳುವುದೇ ಅದರ ಗುಣ. ಕಾಯಿಸಿದರೆ ಆ ನೀರನ್ನು ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ.

ಈ ಗುಣವನ್ನೇ ಡೆಸಿಕ್ಯಾಂಟ್ ಡಿಹ್ಯುಮಿಡಿಫೈಯರ್ ಚಕ್ರವಾಗಿ ತಿರುಗಿಸುತ್ತದೆ. ಜೇನುಗೂಡಿನಂಥ ಚಕ್ರದ ಒಂದು ಭಾಗದಲ್ಲಿ ಕೋಣೆಯ ಗಾಳಿ ಹಾದು ಒಣಗುತ್ತದೆ. ಇನ್ನೊಂದು ಭಾಗದಲ್ಲಿ ಬಿಸಿಗಾಳಿ ಹಾದು, ಚಕ್ರ ಹೀರಿದ ತೇವವನ್ನು ಹೊತ್ತೊಯ್ಯುತ್ತದೆ. ಆ ಗಾಳಿ ಕೊಳವೆಯ ಮೂಲಕ ಕಟ್ಟಡದ ಹೊರಗೆ ಹೋಗಲೇಬೇಕು.

ನಾವು ಕಂಡ ಒಂದು ಕಚೇರಿಯ ದಫ್ತರಖಾನೆಯಲ್ಲಿ ಅದು ಹೋಗುತ್ತಿರಲಿಲ್ಲ. ಕೊಳವೆಯ ಬಾಯಿ ಪಕ್ಕದ ಓಣಿಗೆ ತೆರೆದಿತ್ತು. ಓಣಿಯ ಬಾಗಿಲು ಮತ್ತೆ ದಫ್ತರಖಾನೆಗೇ ತೆರೆಯುತ್ತಿತ್ತು. ಇಡೀ ಒಂದು ಮಳೆಗಾಲ ಯಂತ್ರ ಹಗಲಿರುಳು ತಿರುಗಿತು, ವಿದ್ಯುತ್ ಬಿಲ್ಲು ಏರಿತು, ಬೂಷ್ಟು ಹಾಗೆಯೇ ಹಬ್ಬಿತು. ದಸರಾ ಹೊತ್ತಿಗೆ ಕೆಲವು ಕಟ್ಟುಗಳ ಹಾಳೆಗಳು ಒಂದಕ್ಕೊಂದು ಅಂಟಿ ಬಿಡಿಸಲಾರದಂತಾಗಿದ್ದವು. ಯಂತ್ರದ ಮೇಲೆ ಭರವಸೆಯಿಟ್ಟ ನಾವು ಅದರ ಉಸಿರು ಎತ್ತ ಹೋಗುತ್ತದೆಂದು ನೋಡಿರಲಿಲ್ಲ.

ಆಮೇಲೆ ಕಲಿತದ್ದು ಸರಳ. ಕಿಟಕಿ ಬಾಗಿಲುಗಳ ಸಂದುಗಳನ್ನು ಮೊದಲು ಮುಚ್ಚಬೇಕು. ಕೋಣೆಯಲ್ಲೊಂದು ಆರ್ದ್ರತಾಮಾಪಕವಿಟ್ಟು ದಿನವೂ ಬರೆದಿಡಬೇಕು. ಶೇ. 50ರ ಆಸುಪಾಸಿನಲ್ಲಿ ಸ್ಥಿರವಾಗಿದ್ದರೆ ಸಾಕು. ತೀರ ಒಣಗಿಸಿದರೆ ಓಲೆಗರಿಯೂ ಹಳೆಯ ಕಾಗದವೂ ಸೀಳುತ್ತವೆ. ಒಳಗೆ ಕಾಯುವ ಹೀಟರ್ ಇರುವುದರಿಂದ ಕಾಗದದ ಕಟ್ಟುಗಳು ದೂರವಿರಬೇಕು, ಫಿಲ್ಟರಿನ ಧೂಳು ತೆಗೆಯುತ್ತಿರಬೇಕು. ನಿಲ್ಲಿಸುವಾಗ ಯಂತ್ರದ ಸ್ವಿಚ್ಚನ್ನೇ ಬಳಸಬೇಕು. ಫ್ಯಾನು ತಿರುಗಿ ಹೀಟರ್ ತಣಿಯುವ ಮೊದಲೇ ಪ್ಲಗ್ ಕಿತ್ತರೆ ಅಪಾಯ.

ಮೂಸಿಯ ನೆರೆಯನ್ನು ತಡೆಯಹೊರಟ ವಿಶ್ವೇಶ್ವರಯ್ಯನವರು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂಬ ಲೆಕ್ಕದಿಂದ ಆರಂಭಿಸಿದರು. ದಫ್ತರಖಾನೆಯ ಬೀಗದ ಕೈ ಹಿಡಿದ ನಾವೂ ಅದೇ ಲೆಕ್ಕವನ್ನು ಹಾಕಬೇಕಿತ್ತು. ಅಂಟಿಹೋದ ಆ ಹಾಳೆಗಳಲ್ಲಿ ಏನಿತ್ತೆಂದು ಇನ್ನು ಯಾರೂ ಓದಲಾರರು.