ಬಿಳಿಯ ಅಕ್ಕಿಯ ಚರಿತ್ರೆ

ಅಕ್ಕಿ ಕೊಳ್ಳಲು ಅಂಗಡಿಗೆ ಹೋದಾಗ ನೀವು ಮೊದಲು ಮಾಡುವ ಕೆಲಸ ಯಾವುದು? ಒಂದು ಹಿಡಿ ಅಕ್ಕಿಯನ್ನು ಅಂಗೈಮೇಲೆ ಹರಡಿಕೊಂಡು ಬೆಳಕಿಗೆ ಹಿಡಿದು ನೋಡುತ್ತೀರಿ. ಮಲ್ಲಿಗೆಯಂತೆ ಬೆಳ್ಳಗಿದ್ದರೆ ಮನಸ್ಸಿಗೆ ಹಿಡಿಸುತ್ತದೆ. ಕೊಂಚ ಕೆಂಬಣ್ಣವೋ ತೌಡೋ ಕಂಡರೆ ಚೀಲವನ್ನು ಪಕ್ಕಕ್ಕೆ ಸರಿಸಿ, ‘ಇದಕ್ಕಿಂತ ಒಳ್ಳೆಯದು ಇಲ್ಲವೇ?’ ಎಂದು ಕೇಳುತ್ತೀರಿ. ನಾನೂ ಹಾಗೆಯೇ ಕೇಳಿದವನು. ಈ ಬಿಳುಪಿನ ಮೋಹ ನಮಗೆ ಎಲ್ಲಿಂದ ಬಂತು, ಅದಕ್ಕೆ ಮನುಷ್ಯರು ತೆತ್ತ ಬೆಲೆ ಏನು ಎಂಬುದು ವಿಚಿತ್ರವಾದೊಂದು ಕಥೆ.

ಒರಳು ಒನಕೆಗಳ ಕಾಲದಲ್ಲಿ ಪೂರ್ತಿ ಬೆಳ್ಳಗಿನ ಅಕ್ಕಿ ಉಳ್ಳವರ ಮನೆಯ ವಸ್ತುವಾಗಿತ್ತು. ಹೆಂಗಸರ ತೋಳು ಸೋಲುವವರೆಗೆ ಕುಟ್ಟಿದರೂ ಕಾಳಿನ ಮೇಲೆ ತೌಡಿನ ತೆಳುಪೊರೆ ಅಷ್ಟಿಷ್ಟು ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪೂರ್ವದೇಶಗಳಿಗೆ ಉಗಿಯಂತ್ರದ ಗಿರಣಿಗಳು ಬಂದವು. ನಮ್ಮ ಊರೂರಲ್ಲಿ ಟಕಟಕ ಸದ್ದು ಮಾಡುತ್ತಿದ್ದ ‘ಹಲ್ಲರ್’ ಯಂತ್ರವೂ ಆ ಕಾಲದ್ದೇ. ಬ್ರೆಜಿಲ್ ದೇಶದ ಎಂಗೆಲ್‌ಬರ್ಗ್ ಎಂಬಾತ ಅದನ್ನು ಕಲ್ಪಿಸಿದ. ಅರಸನ ಅನ್ನ ಆಳಿನ ತಟ್ಟೆಗೂ ಬಂತು. ವ್ಯಾಪಾರಿಗೂ ಇದರಿಂದ ಸಂತೋಷ, ಏಕೆಂದರೆ ತೌಡಿನಲ್ಲಿರುವ ಎಣ್ಣೆಯ ಅಂಶ ಬೇಗ ಕಮಟುತ್ತದೆ. ಅದನ್ನು ತೆಗೆದ ಅಕ್ಕಿ ತಿಂಗಳುಗಟ್ಟಲೆ ಗೋದಾಮಿನಲ್ಲಿಯೂ ಹಡಗಿನಲ್ಲಿಯೂ ಕೆಡದೆ ಉಳಿಯುತ್ತದೆ.

ಅದರ ಹಿಂದೆಯೇ ಬಂದದ್ದು ಬೆರಿಬೆರಿ. ರೋಗ ಹೊಸದೇನಲ್ಲ, ಆದರೆ ಆವರೆಗೆ ಅದು ಈ ಪ್ರಮಾಣದಲ್ಲಿ ಹಬ್ಬಿರಲಿಲ್ಲ. ಕಾಲು ಜೋಮು ಹಿಡಿಯುತ್ತದೆ, ನಡೆದರೆ ತೊಡರುತ್ತದೆ, ಮೈ ಬಾತುಕೊಳ್ಳುತ್ತದೆ. ಕೊನೆಗೆ ಹೃದಯ ನಿಲ್ಲುತ್ತದೆ. ಸೆರೆಮನೆ, ಸೈನ್ಯದ ಶಿಬಿರ, ಹಡಗು, ತೋಟದ ಕೂಲಿಗಳ ಸಾಲುಮನೆ—ಒಂದೇ ಅಡಿಗೆಮನೆಯಿಂದ ನೂರಾರು ಜನ ಉಣ್ಣುವ ಕಡೆಯಲ್ಲೆಲ್ಲ ಅದರ ಹಾವಳಿ. ಸೂಕ್ಷ್ಮಜೀವಿಗಳು ಒಂದೊಂದಾಗಿ ಪತ್ತೆಯಾಗುತ್ತಿದ್ದ ಕಾಲ ಅದು. ಇದಕ್ಕೂ ಒಂದು ಕ್ರಿಮಿ ಇರಲೇಬೇಕೆಂದು ಪಂಡಿತರು ಹುಡುಕಿದರು.

ಜಪಾನಿನ ನೌಕಾಪಡೆಯ ವೈದ್ಯ ತಕಾಕಿ ಕಾನೆಹಿರೊ ಮಾತ್ರ ತಟ್ಟೆಯ ಕಡೆ ನೋಡಿದ. ೧೮೮೨ರ ಕೊನೆಗೆ ಹೊರಟ ರ್ಯೂಜೊ ಎಂಬ ತರಬೇತಿ ಹಡಗಿನಲ್ಲಿ ೩೭೬ ಜನರಿದ್ದರು. ೧೬೯ ಮಂದಿಗೆ ಬೆರಿಬೆರಿ ತಗಲಿತು, ೨೫ ಮಂದಿ ಸತ್ತರು. ೧೮೮೪ರಲ್ಲಿ ತಕಾಕಿ ಹಟ ಹಿಡಿದು ತ್ಸುಕುಬಾ ಎಂಬ ಇನ್ನೊಂದು ಹಡಗನ್ನು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಕಳುಹಿಸಿದ. ಅನ್ನವನ್ನು ಕಡಿಮೆ ಮಾಡಿ ರೊಟ್ಟಿ, ಮಾಂಸ, ಹಾಲು, ಕಾಳು ಕೊಡಿಸಿದ. ಹಡಗು ಮರಳಿದಾಗ ಕಾಯಿಲೆ ಬಿದ್ದವರು ಹದಿನೈದರ ಆಸುಪಾಸು. ಸತ್ತವರು ಒಬ್ಬರೂ ಇಲ್ಲ. ನೌಕಾಪಡೆ ಅನ್ನಕ್ಕೆ ಬಾರ್ಲಿ ಬೆರೆಸಿ ಬದುಕಿಕೊಂಡಿತು. ತಕಾಕಿ ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು: ಸಸಾರಜನಕದ ಕೊರತೆಯೆಂದು ಆತ ತಿಳಿದಿದ್ದ. ಭೂಸೇನೆಯ ವೈದ್ಯರು ಇದನ್ನೇ ನೆಪಮಾಡಿಕೊಂಡು ಪರಿಹಾರವನ್ನೂ ತಳ್ಳಿಹಾಕಿದರು. ಅವರ ಮುಂದಾಳುಗಳಲ್ಲಿ ಒಬ್ಬ ಮೋರಿ ಓಗಾಯ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಮಹಾಸಾಹಿತಿ ಎಂಬುದು ಓದುಗರಿಗೆ ಸೋಜಿಗವೆನಿಸಬಹುದು. ಶುದ್ಧ ಬಿಳಿಯ ಅನ್ನವೇ ಸೈನಿಕನ ಗೌರವವೆಂದು ನಂಬಿದ ಆ ಸೇನೆಯಲ್ಲಿ, ೧೯೦೪–೦೫ರ ರಷ್ಯಾ ಯುದ್ಧದ ಕಾಲಕ್ಕೆ ಎರಡು ಲಕ್ಷಕ್ಕೂ ಮಿಕ್ಕ ಜನ ಬೆರಿಬೆರಿಗೆ ತುತ್ತಾದರು.

ಇನ್ನು ಜಾವಾದ ಕೋಳಿಗಳ ಸಂಗತಿ. ಬಟೇವಿಯಾದ ಸೈನಿಕ ಆಸ್ಪತ್ರೆಯ ಬಳಿ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿಯ ಕ್ರಿಮಿಗಾಗಿ ಕೋಳಿಗಳನ್ನು ಸಾಕಿದ್ದ. ೧೮೮೯ರಲ್ಲಿ ಅವು ಕಾಲು ಸೋತು ಬೀಳತೊಡಗಿದವು—ಕ್ರಿಮಿ ಚುಚ್ಚಿದವೂ ಚುಚ್ಚದವೂ ಒಂದೇ ರೀತಿ! ಕೆಲವು ತಿಂಗಳ ಮೇಲೆ, ಯಾವ ಔಷಧವೂ ಇಲ್ಲದೆ, ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಲಾಗಿ ಸಿಕ್ಕ ಉತ್ತರ ಇದು: ಆಸ್ಪತ್ರೆಯ ಅಡಿಗೆಯವನು ಮಿಕ್ಕ ಬಿಳಿಯ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದನಂತೆ. ಅವನ ಜಾಗಕ್ಕೆ ಬಂದ ಹೊಸಬ, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾರೆನೆಂದು ನಿಲ್ಲಿಸಿಬಿಟ್ಟ. ಕೋಳಿಗಳು ಒರಟು ಅಕ್ಕಿ ತಿಂದು ಎದ್ದು ನಿಂತವು. ಆ ಅಡಿಗೆಯವನ ಜಿಪುಣತನಕ್ಕೆ ವಿಜ್ಞಾನ ಎಷ್ಟು ಋಣಿಯೋ!

ಕೋಳಿಗೆ ಆದದ್ದು ಮನುಷ್ಯನಿಗೂ ಆದೀತೆ? ಐಕ್‌ಮನ್ನನ ಮಿತ್ರ ವೋರ್ಡರ್‌ಮನ್ ಜಾವಾದ ನೂರೊಂದು ಸೆರೆಮನೆಗಳ ಲೆಕ್ಕ ತೆಗೆದ. ಒಟ್ಟು ಕೈದಿಗಳು ಹೆಚ್ಚುಕಡಿಮೆ ೨ ಲಕ್ಷ ೮೦ ಸಾವಿರ. ಬಿಳಿಯ ಅಕ್ಕಿ ಉಣ್ಣುವ ಸೆರೆಮನೆಗಳಲ್ಲಿ ೩೯ ಜನರಲ್ಲಿ ಒಬ್ಬನಿಗೆ ರೋಗ. ತೌಡಿರುವ ಅಕ್ಕಿಯ ಸೆರೆಮನೆಗಳಲ್ಲಿ ಹತ್ತು ಸಾವಿರಕ್ಕೆ ಒಬ್ಬ. ಆದರೂ ಐಕ್‌ಮನ್ ಆಗ ಭಾವಿಸಿದ್ದು ಬೇರೆ: ಅನ್ನದಲ್ಲಿ ಒಂದು ವಿಷವಿದೆ, ತೌಡು ಅದಕ್ಕೆ ಮದ್ದು, ಎಂದು. ವಿಷವಿಲ್ಲ, ಬೇಕಾದ ಏನೋ ಒಂದು ಇಲ್ಲವಾಗಿದೆ ಎಂದು ೧೯೦೧ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿ ಗ್ರೈನ್ಸ್. ತಿಂದದ್ದರಿಂದ ರೋಗ ಬರುವುದನ್ನು ಜನ ಬಲ್ಲರು. ತಿನ್ನದೆ ಬಿಟ್ಟದ್ದರಿಂದ ಬರುತ್ತದೆಂಬ ಮಾತು ಆಗ ಯಾರ ಕಿವಿಗೂ ಹೊಕ್ಕಲಿಲ್ಲ.

ಮಲಯ ದೇಶದಲ್ಲಿ ಬ್ರ್ಯಾಡನ್ ಎಂಬ ವೈದ್ಯ ಇನ್ನೊಂದು ಸ್ವಾರಸ್ಯವನ್ನು ಗಮನಿಸಿ ೧೯೦೭ರಲ್ಲಿ ಪ್ರಕಟಿಸಿದ. ಅಲ್ಲಿ ಚೀನೀ ಕೂಲಿಗಳಿಗೆ ಬೆರಿಬೆರಿ. ಪಕ್ಕದಲ್ಲೇ ದುಡಿಯುವ ತಮಿಳರಿಗೆ ಅದರ ಬಾಧೆ ಬಹಳ ಕಡಿಮೆ. ತಮಿಳರು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ. ಬತ್ತವನ್ನು ನೆನೆಹಾಕಿ ಬೇಯಿಸಿ ಒಣಗಿಸಿದರೆ ತೌಡಿನಲ್ಲಿರುವ ಸತ್ವ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಗಿರಣಿ ಎಷ್ಟು ಉಜ್ಜಿದರೂ ಪೂರ್ತಿ ಹೋಗದು. ನಮ್ಮ ದಕ್ಷಿಣ ಕನ್ನಡದ ಅಜ್ಜಿಯಂದಿರು ಹಂಡೆಯಲ್ಲಿ ಬತ್ತ ಬೇಯಿಸುತ್ತಿದ್ದದ್ದು ಯಾವ ಶಾಸ್ತ್ರವನ್ನೂ ಓದಿ ಅಲ್ಲ. ಆದರೆ ಅದೇ ಮದರಾಸು ಪ್ರಾಂತದ ಉತ್ತರದ ತೆಲುಗು ಕರಾವಳಿಯಲ್ಲಿ, ಬೆಳ್ತಿಗೆಯನ್ನೇ ಗಿರಣಿಯಲ್ಲಿ ಬೆಳ್ಳಗೆ ಮಾಡಿ ಉಣ್ಣುವ ಜನರಲ್ಲಿ, ಬೆರಿಬೆರಿ ಬೇರೂರಿತ್ತು.

ಆ ಕರಾವಳಿಯ ನೆಲ್ಲೂರಿನಲ್ಲಿಯೇ ೧೮೮೬ರಲ್ಲಿ ಅಮೆರಿಕನ್ ಪಾದ್ರಿಗಳ ಮನೆಯಲ್ಲಿ ರಾಬರ್ಟ್ ವಿಲಿಯಮ್ಸ್ ಹುಟ್ಟಿದ. ೧೯೧೦ರಲ್ಲಿ ಆತ ಮನಿಲಾ ನಗರದಲ್ಲಿ ತರುಣ ರಸಾಯನಶಾಸ್ತ್ರಜ್ಞ. ಅಲ್ಲಿ ಹಾಲೂಡುವ ತಾಯಂದಿರು ಬಿಳಿಯ ಅನ್ನ ಉಣ್ಣುತ್ತಿದ್ದರು. ತಾಯಿ ನಡೆದಾಡಿಕೊಂಡಿದ್ದರೂ ಮಡಿಲ ಕೂಸು ದನಿ ಉಡುಗಿ, ನೀಲಿಗಟ್ಟಿ, ಗಂಟೆಗಳಲ್ಲಿ ಸಾಯುತ್ತಿತ್ತು. ವೆಡರ್ ಎಂಬ ಸೈನ್ಯದ ವೈದ್ಯ ವಿಲಿಯಮ್ಸನ ಕೈಗೆ ತೌಡಿನ ಕಷಾಯವೊಂದನ್ನು ಕೊಟ್ಟ. ಅದರ ಹನಿಗಳನ್ನು ಬಾಯಿಗೆ ಬಿಟ್ಟಾಗ, ಸಾಯಲಿದ್ದ ಮಗು ಕೆಲವೇ ಗಂಟೆಗಳಲ್ಲಿ ಚೇತರಿಸಿತು. ಆ ಹನಿಯಲ್ಲಿ ಇದ್ದದ್ದು ಏನು? ಟೆಲಿಫೋನ್ ಕಂಪನಿಯ ಉದ್ಯೋಗದ ನಡುವೆಯೂ ಆತ ಇದೊಂದು ಪ್ರಶ್ನೆಯನ್ನು ಇಪ್ಪತ್ತಾರು ವರ್ಷ ಬಿಡಲಿಲ್ಲ. ಈ ನಡುವೆ ೧೯೧೨ರಲ್ಲಿ ಫಂಕ್ ‘ವಿಟಮಿನ್’ ಎಂಬ ಹೆಸರನ್ನು ಕೊಟ್ಟ. ೧೯೨೬ರಲ್ಲಿ ಬಟೇವಿಯಾದಲ್ಲೇ ಯಾನ್ಸನ್, ಡೊನಾಟ್ ಇಬ್ಬರು ತೌಡಿನಿಂದ ಅದರ ಹರಳುಗಳನ್ನು ತೆಗೆದರು. ೧೯೨೯ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಬಹುಮಾನದ ಪಾಲು ಬಂತು. ೧೯೩೬ರಲ್ಲಿ ವಿಲಿಯಮ್ಸ್ ಆ ವಸ್ತುವನ್ನು, ಎಂದರೆ ನಾವು ಬಿ-೧ ಎನ್ನುವ ಥಯಮಿನ್ನನ್ನು, ಪ್ರಯೋಗಶಾಲೆಯಲ್ಲಿ ಕಟ್ಟಿದ.

ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ, ೧೯೧೮ರಲ್ಲಿ, ಪಾಸ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಮೆಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿಯ ವಿಚಾರಣೆಗೆ ಕುಳಿತ. ದೇಶದ ಬೇರೆಬೇರೆ ಸೀಮೆಗಳ ಊಟವನ್ನು ಆತ ಇಲಿಗಳಿಗೆ ಬಡಿಸಿ ನೋಡಿದ. ಗೋಧಿ, ಹಾಲು, ಸೊಪ್ಪು ಕಾಳುಗಳ ಪಂಜಾಬಿನ ಊಟ ಉಂಡವು ಮೈತುಂಬಿ ಬೆಳೆದವು. ನಮ್ಮ ಕಡೆಯ ಬಿಳಿಯ ಅನ್ನದ ಊಟ ಉಂಡವು ಬಡಕಲಾದವು. ಓದಿದಾಗ ದಕ್ಷಿಣದವರಿಗೆ ಸ್ವಲ್ಪ ಮುಖಭಂಗವೇ! ಆದರೆ ಆತ ರಾಗಿಮುದ್ದೆ, ಹುರುಳಿಸಾರಿನ ಊಟವನ್ನೂ ಇಟ್ಟಿದ್ದರೆ ಹೇಗಾಗುತ್ತಿತ್ತೋ ಎಂಬ ಆಸೆ ನನಗೆ ಇದ್ದೇ ಇದೆ. ಆ ಕೋಣೆಯೇ ಬೆಳೆದು ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ೧೯೫೦ರಲ್ಲಿ ತೆರೆದ ಆಹಾರ ಸಂಶೋಧನಾಲಯ ಕುಚ್ಚಲಕ್ಕಿಯ ಕಷ್ಟಕ್ಕೆ ಕೈಹಾಕಿತು. ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆದ ಬತ್ತ ನಾರುತ್ತದೆ, ಪೇಟೆಯವರು ಒಲ್ಲೆನ್ನುತ್ತಾರೆ. ಬಿಸಿನೀರಿನಲ್ಲಿ ಕೆಲವೇ ಗಂಟೆ ನೆನೆಸಿದರೆ ಸಾಕೆಂದು ಅಲ್ಲಿಯವರು ತೋರಿಸಿಕೊಟ್ಟರು.

ಗಿರಣಿಯ ಜೊತೆಗೆ ಗೃಹಿಣಿಯದೂ ಒಂದು ಪಾಲಿದೆ, ಬೇಸರಿಸಬೇಡಿ. ಥಯಮಿನ್ ನೀರಿನಲ್ಲಿ ಕರಗುವ ವಸ್ತು. ಅಕ್ಕಿಯನ್ನು ಮೂರು ಸಲ ತೊಳೆದು ಅಕ್ಕಚ್ಚು ಚೆಲ್ಲುವಾಗ ಒಂದಷ್ಟು, ಗಂಜಿ ಬಸಿಯುವಾಗ ಇನ್ನಷ್ಟು ಹೊರಟುಹೋಗುತ್ತದೆ. ಹಿಂದೆ ಅದು ಕಲಗಚ್ಚಿನ ಬಾನಿ ಸೇರಿ ಹಸುವಿನ ಹೊಟ್ಟೆಗಾದರೂ ಹೋಗುತ್ತಿತ್ತು. ಈಗ ಪಟ್ಟಣದ ಮೋರಿಗೆ.

ಬೆರಿಬೆರಿ ಇಂದು ನಮ್ಮಲ್ಲಿ ಅಪರೂಪ. ಆದರೆ ಬಿಳಿಯ ಅಕ್ಕಿ ಗೆದ್ದಿದೆ. ೨೦೨೧ರ ಆಗಸ್ಟ್ ೧೫ರಂದು ಪಡಿತರದ ಅಕ್ಕಿಗೆ ಸತ್ವ ಬೆರೆಸುವುದಾಗಿ ಕೇಂದ್ರ ಸರ್ಕಾರ ಘೋಷಿಸಿತು: ಕಬ್ಬಿಣ, ಫೋಲಿಕ್ ಆಮ್ಲ, ಬಿ-೧೨ ಸೇರಿಸಿದ ಕಾಳುಗಳನ್ನು ಯಂತ್ರದಲ್ಲಿ ಅಚ್ಚುಹಾಕಿ, ಉಜ್ಜಿದ ಅಕ್ಕಿಗೆ ನೂರಕ್ಕೊಂದರಂತೆ ಕಲಸುವುದು. ಇನ್ನು ತೌಡು ಏನಾಯಿತು ಎನ್ನುತ್ತೀರಾ? ಅದರಿಂದ ಎಣ್ಣೆ ತೆಗೆಯುತ್ತಾರೆ. ಚೀಲದಲ್ಲಿ ತೌಡು ಕಂಡು ನಾವು ಮುಖ ಸಿಂಡರಿಸುವ ಅದೇ ಅಂಗಡಿಯಲ್ಲಿ, ಹಿಂದಿನ ಕಪಾಟಿನ ಮೇಲೆ, ಆರೋಗ್ಯಕ್ಕೆ ಒಳ್ಳೆಯದೆಂಬ ಚೀಟಿ ಅಂಟಿಸಿಕೊಂಡು ತೌಡಿನ ಎಣ್ಣೆಯ ಸೀಸೆಗಳು ಸಾಲಾಗಿ ನಿಂತಿವೆ.