ನವಲಗುಂದ 1980: ಖರ್ಚು ಸರ್ಕಾರದ್ದು, ರೇಟು ಮಾರ್ಕೆಟ್ಟಿಂದು

2020ರಲ್ಲಿ ಕೇಂದ್ರದ ಮೂರು ಕೃಷಿ ಕಾಯ್ದೆ ಬಂದಾಗ ನಮ್ಮ ಕಡೆ ವಾಟ್ಸಾಪ್ ಗ್ರೂಪುಗಳು ಎರಡು ಹೋಳಾಗಿದ್ವು. ಒಬ್ರು, "ಮಾರ್ಕೆಟ್ ಫ್ರೀ ಬಿಡ್ರಿ, ರೈತ ಉದ್ಧಾರ ಆಗ್ತಾನ" ಅಂದ್ರು. ಇನ್ನೊಬ್ರು, "ಸರ್ಕಾರ ಕೈ ಬಿಟ್ರ ರೈತ ಸತ್ತ" ಅಂದ್ರು. 2021ರಲ್ಲಿ ಕಾಯ್ದೆ ವಾಪಸ್ ಹೋದ್ವು, ಜಗಳ ಮಾತ್ರ ಮುಗಿದಿಲ್ಲ. ಬಿಕಾಂನಲ್ಲಿ ನಮಗೂ ಇವೆರಡನ್ನ ಎದುರುಬದುರು ನಿಲ್ಲಿಸಿಯೇ ಪಾಠ ಹೇಳಿದ್ರು. ಆದ್ರ ನಮ್ಮದೇ ಜಿಲ್ಲೆಯ ನವಲಗುಂದದಲ್ಲಿ 1980ರಲ್ಲಿ ಎರಡೂ ಒಟ್ಟಿಗೇ ರೈತನ ಮೇಲೆ ಬಿದ್ದಿದ್ವು.

ಈ ಎರಿ ಭೂಮಿಗೆ ಜಗತ್ತಿನ ಮಾರ್ಕೆಟ್ ಹೊಸದೇನಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಾಗ, ಲ್ಯಾಂಕಾಶೈರ್ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿ ಬೇಕಾಯ್ತು. ಬೆಲೆ ಏರಿತು, ಕಲಬೆರಕೆಯೂ ಏರಿತು. ಮುಕ್ತ ವ್ಯಾಪಾರ ಅಂತ ಜಪ ಮಾಡ್ತಿದ್ದ ಬ್ರಿಟಿಷರೇ 1863ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಹತ್ತಿ ಕಲಬೆರಕೆ ತಡೆಯೋ ಕಾಯ್ದೆ ತಂದ್ರು. ಗಿರಣಿ ಮಾಲೀಕರಿಗೆ ತೊಂದ್ರೆ ಆದ್ರ ಸರ್ಕಾರ ಬೇಗ ಎದ್ದು ಕೂಡ್ತದ ನೋಡ್ರಿ! 1865ರಲ್ಲಿ ಯುದ್ಧ ಮುಗೀತು, ಬೆಲೆ ಬಿತ್ತು. ಅದನ್ನ ತಡೆಯೋಕೆ ಯಾವ ಕಾಯ್ದೆಯೂ ಬರಲಿಲ್ಲ.

ಈಗ ನೂರು ವರ್ಷ ಮುಂದಕ್ಕ ಬರೋಣ. ಸವದತ್ತಿ ಹತ್ರ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಡ್ಯಾಂ ಆಯ್ತು. 1970ರ ದಶಕದಲ್ಲಿ ಕಾಲುವೆ ನೀರು ನವಲಗುಂದ, ನರಗುಂದದ ಕಡೆ ಹೊರಟಿತು. ಮಳಿ ನಂಬಿದ್ದ ಊರುಗಳಿಗೆ ಇದು ದೊಡ್ಡ ಸುದ್ದಿ. ಜೊತೆಗೇ 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವಿಜ್ಞಾನಿ ಬಿ.ಎಚ್. ಕಟರಕಿ ಅವರ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಎಳೆ ಉದ್ದ, ಮೊದಮೊದಲು ರೇಟೂ ಚಲೋ. ಆದ್ರ ಬೀಜ, ಗೊಬ್ಬರ, ಔಷಧ ಎಲ್ಲಕ್ಕೂ ಕೈಯಿಂದ ರೊಕ್ಕ ಹಾಕಬೇಕು. ಅದಕ್ಕ ಸಾಲ.

ಆಮೇಲೆ ಬಂತು ಬೆಟರ್‌ಮೆಂಟ್ ಲೆವಿ. ಸರ್ಕಾರದ ದುಡ್ಡಿನ ಕಾಲುವೆಯಿಂದ ನಿನ್ನ ಹೊಲದ ಬೆಲೆ ಏರಿದೆ, ಆ ಏರಿಕೆಯಲ್ಲಿ ಒಂದು ಪಾಲು ವಾಪಸ್ ಕೊಡು ಅನ್ನೋದು ಅದರ ಲೆಕ್ಕ. ಕಾಗದದ ಮೇಲೆ ಈ ವಾದ ತಪ್ಪು ಅಂತ ನನಗೆ ಅನಿಸೋದಿಲ್ಲ. ಆದ್ರ ನೀರು ಮುಟ್ಟದ ಹೊಲಗಳಿಗೂ ಲೆವಿ ಹಾಕಿದ್ರು ಅನ್ನೋದು ರೈತರ ಸಿಟ್ಟು. ಕೆಲವರ ಎರಿ ಹೊಲ ನೀರು ನಿಂತು ಜವುಳಾಗಿತ್ತು.

ಅದೇ ಹೊತ್ತಿಗೆ ವರಲಕ್ಷ್ಮಿ ರೇಟು ಕುಸೀತು. ಪಕ್ಕದ ಮಹಾರಾಷ್ಟ್ರದಲ್ಲಿ 1972ರಿಂದಲೇ ಹತ್ತಿಯನ್ನ ಸರ್ಕಾರವೇ ಕೊಳ್ಳೋ ಏಕಸ್ವಾಮ್ಯ ಖರೀದಿ ಯೋಜನೆ ಇತ್ತು. ನಮ್ಮಲ್ಲಿ ಅಂಥದ್ದಿರಲಿಲ್ಲ. ಲೆಡ್ಜರ್ ತೆಗೆದು ನೋಡ್ರಿ: ಲೆವಿ, ನೀರಿನ ಕರ ಎಷ್ಟು ಅಂತ ಹೇಳೋದು ಸರ್ಕಾರ, ಪೀಕು ಬರಲಿ ಬಿಡಲಿ ಕಟ್ಟಬೇಕು. ಆದಾಯದ ಕಡೆ ಬಂದ್ರ, ಇವತ್ತಿನ ಪೇಟೆ ಧಾರಣಿ ಏನೋ ಅದು. ವಸೂಲಿಗೆ ಬರೋವಾಗ ಇದ್ದ ಸರ್ಕಾರ ರೇಟು ಬಿದ್ದಾಗ ಕಾಣಲಿಲ್ಲ.

ಲೆವಿ ರದ್ದು ಮಾಡ್ರಿ, ನೀರಿನ ಕರ ಇಳಿಸ್ರಿ, ಬೆಳೆಗೆ ಯೋಗ್ಯ ಬೆಲೆ ಕೊಡ್ರಿ ಅಂತ ರೈತರು ಸಂಘಟಿತರಾದ್ರು. ಮೊದಲಿನ ಎರಡು ಬೇಡಿಕೆ 'ಸರ್ಕಾರ ಹಿಂದೆ ಸರಿ' ಅಂತಾವ, ಮೂರನೇದು 'ಮುಂದೆ ಬಾ' ಅಂತದ. ಇದನ್ನ ಗೊಂದಲ ಅನ್ನೋರಿದಾರ. ಆ ಲೆಡ್ಜರ್ ನೋಡಿದ ಮೇಲೆ ನನಗೆ ಹಾಗೆ ಅನಿಸೋದಿಲ್ಲ.

1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ಪೊಲೀಸ್ ಗೋಲಿಬಾರ್ ಆಯ್ತು. (ನರಗುಂದ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಗದಗ ಜಿಲ್ಲೆ ಆಗಿದ್ದು 1997ರಲ್ಲಿ.) ನವಲಗುಂದದಲ್ಲಿ ರೈತ ಬಸಪ್ಪ ಲಕ್ಕುಂಡಿ ಸತ್ರು. ನರಗುಂದದಲ್ಲೂ ರೈತನೊಬ್ಬ ಗುಂಡಿಗೆ ಬಿದ್ದ. ಸಿಟ್ಟಿಗೆದ್ದ ಜನರ ಕೈಯಲ್ಲಿ ಅಲ್ಲಿ ಪೊಲೀಸರೂ ಸತ್ರು. ಇದನ್ನ ಬಿಟ್ಟು ಕಥೆ ಹೇಳಬಾರದು, ಅವರೂ ಯಾರದೋ ಮನೆ ಮಕ್ಕಳೇ.

ಮುಖ್ಯಮಂತ್ರಿ ಗುಂಡೂರಾವ್ ಸರ್ಕಾರ ಲೆವಿ ವಸೂಲಿ ನಿಲ್ಲಿಸಬೇಕಾಯ್ತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಸೋಲಿಗೆ ಬೇರೆ ಕಾರಣಗಳೂ ಇದ್ವು, ನವಲಗುಂದವೂ ಒಂದು. ಆದ್ರ ಮೂರನೇ ಬೇಡಿಕೆ, ಬೆಲೆ, ಅದು ಹಾಗೇ ಉಳೀತು. ಈಗಲೂ ಹೆಸರು ರಾಶಿ ಆದಾಗ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಅದೇ ಮಾತು: ಖರೀದಿ ಕೇಂದ್ರ ಯಾವಾಗ ತೆಗೀತಾರ? ಸಾಲ ಇದ್ದವ ಕಾಯೋದಿಲ್ಲ, ಸಿಕ್ಕ ರೇಟಿಗೆ ಮಾರಿ ಬರ್ತಾನ.

ಪ್ರತಿ ಜುಲೈ 21ಕ್ಕೆ ನವಲಗುಂದದಲ್ಲಿ ಹುತಾತ್ಮ ರೈತರ ದಿನ ಮಾಡ್ತಾರ. ನಿಮ್ಮ ಮನೆಯಲ್ಲಿ ಅಜ್ಜ, ಅಮ್ಮ, ದೊಡ್ಡಪ್ಪ ಯಾರಾದ್ರೂ ಆ ವರ್ಷ ವರಲಕ್ಷ್ಮಿ ಬೆಳೆದಿದ್ರ, ಎಷ್ಟಕ್ಕ ಮಾರಿದ್ರು ಅಂತ ಕೇಳಿ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಎಪಿಸೋಡಿನಲ್ಲಿ ಹಾಕ್ತೀನಿ.