ಒಗೆದ ಅಂಗಿಯಲ್ಲೂ ಬೆವರಿನ ವಾಸನೆ ಏಕೆ?

ಕೊಯಮತ್ತೂರು: ಉಕ್ಕಡಂನಲ್ಲಿ ಪೊಳ್ಳಾಚಿ, ಪಾಲಕ್ಕಾಡ್ ಬಸ್ಸುಗಳನ್ನು ಹತ್ತುವವರಿಗೆ ಸಂಜೆಯ ನೂಕುನುಗ್ಗಲು ಹೊಸದಲ್ಲ. ಬೆಳಿಗ್ಗೆ ಸ್ನಾನ ಮಾಡಿ ಒಗೆದ ಅಂಗಿ ತೊಟ್ಟವರಿಂದಲೂ ವಾಸನೆ ಬಂದರೆ ಪಕ್ಕದವರು ಮುಖ ತಿರುಗಿಸುತ್ತಾರೆ. ಎಷ್ಟೋ ಸಲ ತಪ್ಪು ಮನುಷ್ಯನದಲ್ಲ, ಬಟ್ಟೆಯದು.

ವಾಸನೆಯ ಮೂಲ

ಆಗ ತಾನೇ ಬಂದ ಬೆವರಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕಂಕುಳಿನ ಗ್ರಂಥಿಗಳ ಸ್ರಾವವನ್ನು ಚರ್ಮದ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಹುಟ್ಟುತ್ತದೆ. ಅದು ಮೈ ಎಣ್ಣೆಯ ಜೊತೆ ಬಟ್ಟೆಗೆ ಸೇರುತ್ತದೆ.

ಯಾವ ನಾರು ಹೇಗೆ?

ಹತ್ತಿ: ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಸುಮಾರು ಶೇ. 8ರಷ್ಟು ತೇವ ಹಿಡಿದಿರುತ್ತದೆ. ಬೆವರನ್ನು ನಾರಿನ ಒಳಕ್ಕೆ ಎಳೆದುಕೊಳ್ಳುತ್ತದೆ, ಒಗೆದಾಗ ನೀರಿನೊಂದಿಗೆ ಸುಲಭವಾಗಿ ಬಿಡುತ್ತದೆ. ಆದರೆ ಒದ್ದೆಯಾಗಿಯೇ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ.

ಪಾಲಿಯೆಸ್ಟರ್: ಹಿಡಿಯುವ ತೇವ ಶೇ. 0.4 ಮಾತ್ರ. ಬೇಗ ಒಣಗುತ್ತದೆ ನಿಜ, ಆದರೆ ಎಣ್ಣೆಯಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಣ್ಣೀರಿನ ಒಗೆತಕ್ಕೆ ಅದು ಪೂರ್ತಿ ಹೋಗುವುದಿಲ್ಲ. ಮತ್ತೆ ಮೈ ಬಿಸಿಯಾದಾಗ ಹಳೆಯ ವಾಸನೆ ಮೇಲೇಳುತ್ತದೆ.

ಉಣ್ಣೆ: ಸುಮಾರು ಶೇ. 16ರಷ್ಟು ತೇವ ಹೀರುತ್ತದೆ. ವಾಸನೆಯನ್ನು ಒಳಗೇ ಇಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ಮೂಗಿಗೆ ಕಡಿಮೆ ತಟ್ಟುತ್ತದೆ.

ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಜನರು ಸೈಕಲ್ ವ್ಯಾಯಾಮ ಮಾಡಿ ಬೆವರಿದ ಟಿ-ಶರ್ಟುಗಳನ್ನು 28 ಗಂಟೆಗಳ ನಂತರ ಮೂಸಿ ನೋಡಲಾಯಿತು. ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರುತ್ತಿತ್ತು. ವಾಸನೆ ತರುವ ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು.

ಕೊಳ್ಳುವಾಗ

ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆಮಾರುಗಳಿಂದ ಹತ್ತಿ ನೇಯ್ದ ಸೀಮೆ ಇದು. ಬನಿಯನ್ನಿಗೆ ಹೆಸರಾದ ತಿರುಪ್ಪೂರು ಪಕ್ಕದಲ್ಲೇ ಇದೆ. ಆದರೂ ಅಂಗಡಿಯವರು ‘ಕಾಟನ್’ ಎಂದರೂ, ‘ಪರುತ್ತಿ’ ಎಂದರೂ ಒಳಗಿನ ಚೀಟಿಯಲ್ಲಿ ಶೇಕಡಾವಾರು ಓದಿಯೇ ಕೊಳ್ಳಬೇಕು. ಚೀಟಿ ಇಲ್ಲದಿದ್ದರೆ, ಕೊಂಡ ಬಳಿಕ ಒಂದೆರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಮಿಶ್ರ ಬಟ್ಟೆಯಲ್ಲಿ ಎರಡೂ ಕಾಣಬಹುದು.

ಒಗೆಯುವಾಗ

ಕೆಲಸದ ಸಮವಸ್ತ್ರ ಪಾಲಿಯೆಸ್ಟರ್ ಆಗಿದ್ದರೆ ಬೇರೆ ದಾರಿಯಿಲ್ಲ. ಒಳಗೆ ಹತ್ತಿ ಬನಿಯನ್ ತೊಟ್ಟರೆ ಬೆವರು ಮೊದಲು ಅದಕ್ಕೆ ಹೋಗುತ್ತದೆ. ಬಿಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕದೆ ಅದೇ ದಿನ ಒಗೆಯಬೇಕು. ಒಳಮಗ್ಗುಲು ಹೊರಗೆ ಮಾಡಿ, ವಾಷಿಂಗ್ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು, ಗಾಳಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಬಟ್ಟೆ ಮೃದುವಾಗಿಸುವ ದ್ರವ ಬೇಡ. ಅದರ ಲೇಪ ನಾರಿನ ಮೇಲೆ ಉಳಿಯುತ್ತದೆ. ಸೆಂಟು ಹೊಡೆದರೆ ವಾಸನೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.